ಪಂಜರದ ಬಾಗಿಲಲ್ಲಿ ಪ್ರೊಫೆಸರರ ದನಿ

ಕಾಲೇಜಿನಲ್ಲಿ ನನ್ನ ಸಂಶೋಧನೆಗಿಂತ ನನ್ನ ಗಂಟಲಿಗೇ ಹೆಚ್ಚು ಹೆಸರು. ಡೀನರ ಕೆಮ್ಮು, ಕ್ಯಾಂಟೀನಿನವರ ಗೊಣಗಾಟ, ಸೆಮಿನಾರಿನಲ್ಲಿ ತೊದಲುವ ನನ್ನದೇ ದನಿ, ಅಣಕಿಸದೆ ಯಾರನ್ನೂ ಬಿಟ್ಟವನಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ನನ್ನ ಪಿಎಚ್.ಡಿ. ಗೈಡ್ ಆದ ನಮ್ಮ ಪ್ರೊಫೆಸರರ ದನಿ. ಮೂಗಿನಲ್ಲಿ ಹೊರಟು ಕೊನೆಗೆ ಚಾಟಿಯಂತೆ ಬೀಸುವ ದನಿ.

ನಮ್ಮ ಲ್ಯಾಬಿನ ಕೆಲಸ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳಕು ನೀರಿಗೆ ಪುಟ್ಟ ಮಿಂಚು ಹೊಡೆಸಿ ತಿಳಿಗೊಳಿಸುವುದು. ಅದಕ್ಕೆ ಬೀರುವಿನಷ್ಟು ದೊಡ್ಡ ಕೆಪಾಸಿಟರುಗಳು, ಅವುಗಳ ಸುತ್ತ ತಂತಿಬಲೆಯ ಪಂಜರ. ಬಾಗಿಲು ತೆರೆದ ಕೂಡಲೇ ಒಳಗಿನ ಚಾರ್ಜನ್ನು ತಾನಾಗಿ ಇಳಿಸುವ ಸ್ವಿಚ್ಚು ಕೆಟ್ಟು ರಿಪೇರಿಗೆ ಹೋಗಿತ್ತು. ಪ್ರಯೋಗ ನಿಲ್ಲಿಸುವ ಬದಲು ಪ್ರೊಫೆಸರರು ಒಂದು ನಿಯಮ ಮಾಡಿದರು. ಮೀಟರಿನ ಮುಳ್ಳು ಸೊನ್ನೆಗೆ ಇಳಿದದ್ದನ್ನು ನೋಡಿ ಅವರೇ "ಅರ್ಥ್ ಪೋಡು!", ಅಂದರೆ ಅರ್ಥ್ ಹಾಕು, ಎಂದು ತಮಿಳಿನಲ್ಲಿ ಕೂಗಬೇಕು. ಆಮೇಲೆ ಟೆಕ್ನಿಶಿಯನ್ ಮಾಮ ಒಳಹೋಗಿ, ಉದ್ದ ಕೋಲಿನ ಹಿತ್ತಾಳೆ ಕೊಕ್ಕೆಯನ್ನು ಕೆಪಾಸಿಟರಿಗೆ ತಗುಲಿಸಿ ಅಳಿದುಳಿದ ಚಾರ್ಜನ್ನು ನೆಲಕ್ಕಿಳಿಸಬೇಕು. ಅಂದರೆ ಆ ವಾರ ನಮ್ಮ ಸ್ವಿಚ್ಚು ಒಬ್ಬ ಮನುಷ್ಯನ ದನಿ.

ಮಾಮ ರೈಲ್ವೆ ಕೆಲಸಕ್ಕೆಂದು ಈ ತಮಿಳು ಊರಿಗೆ ಬಂದ ಕನ್ನಡಿಗರ ಮಗ, ಇಲ್ಲೇ ವಡಪಳನಿಯವರು. ನಿವೃತ್ತಿಯಾಗಿ ವರ್ಷ ವರ್ಷ ಎಕ್ಸ್‌ಟೆನ್ಷನ್ ಮೇಲೆ ದುಡಿಯುತ್ತಿದ್ದರು. ಆ ಸಲದ ಕಾಗದ ಪ್ರೊಫೆಸರರ ಮೇಜಿನ ಮೇಲೆ ಸಹಿಗೆ ಕಾದಿತ್ತು.

"ಸೈನ್ ಆಗ್ಲಿಲ್ಲ ಅಂದ್ರೆ ನನ್ನ ಕಥೆ ಮುಗೀತು ಕಣೋ," ಎನ್ನುತ್ತಿದ್ದರು. "ಮನೇಲಿ ಕೂತು ಅವಳ ಜೊತೆ ಸೀರಿಯಲ್ ನೋಡಿ ಅಳಬೇಕು."

"ಅತ್ತೆ ಪಾಡು ಯೋಚನೆ ಮಾಡಿ ಮಾಮ!"

"ಥೂ, ವಾಯಾಡಿ! ಬಾಯಿಬಡುಕ!"

ಪ್ರೊಫೆಸರರೆಂದರೆ ಅವರಿಗೆ ಎಂಥ ಭಯವೆಂದರೆ, ನಾನು ಹಿಂದಿನಿಂದ ಆ ದನಿ ತೆಗೆದರೆ ಕೈಯಲ್ಲಿದ್ದ ಸ್ಪ್ಯಾನರ್ ಬೀಳುತ್ತಿತ್ತು. ಅದೇ ನನ್ನ ದಿನದ ಮನರಂಜನೆ.

ಅಂದು ಮಧ್ಯಾಹ್ನ ಚಾರ್ಜ್ ತುಂಬಿ ಬಟನ್ ಒತ್ತಿದರೆ ಮಿಂಚು ಹೊಡೆಯಲೇ ಇಲ್ಲ. ತುಂಬಿದ್ದೆಲ್ಲ ಒಳಗೇ ಉಳಿಯಿತು. ಮುಳ್ಳು ನಿಧಾನವಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ಪ್ರೊಫೆಸರರು ಫೋನ್ ಹಿಡಿದು ಕಾರಿಡಾರಿಗೆ ಹೋದರು. ಮಾಮ ನಮಗೆ ಬೆನ್ನು ಹಾಕಿ ನೀರಿನ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದರು. ನನಗೆ ಬೇಜಾರು. ಕೂಗಿದೆ:

"ಅರ್ಥ್ ಪೋಡು!"

ಮಾಮ ಬೆಚ್ಚಿಬಿದ್ದು ತಿರುಗುತ್ತಾರೆ, ಖಾಲಿ ಕುರ್ಚಿ ನೋಡುತ್ತಾರೆ, ನನ್ನನ್ನು ಬೈಯುತ್ತಾರೆ, ಇದು ನನ್ನ ಲೆಕ್ಕ. ಅವರು ತಿರುಗಲೇ ಇಲ್ಲ. ಆ ದನಿ ಕೇಳಿದಾಗ ಪ್ರೊಫೆಸರರ ಮುಖ ನೋಡುವ ಧೈರ್ಯ ಅವರಿಗೆ ಎಂದೂ ಇರಲಿಲ್ಲ. ಕೋಲು ಎತ್ತಿಕೊಂಡು ನೇರ ಪಂಜರದೊಳಗೆ ಹೋದರು. ತಡೆಯಲು ನನಗೆ ಅವರ ಮೂರು ಹೆಜ್ಜೆಗಳಷ್ಟು ಸಮಯವಿತ್ತು. ಬಾಯಿ ತೆರೆದೆ, ಬಂದದ್ದು ನಗು.

ಗುಂಡು ಹಾರಿದಂತೆ ಸದ್ದು. ಕೊಕ್ಕೆಯ ತುದಿ ಕರಗಿಹೋಗಿತ್ತು. ಮಾಮ ನೆಲದ ಮೇಲೆ ಕೂತು ಬಲಗಿವಿ ಹಿಡಿದುಕೊಂಡಿದ್ದರು.

ಎರಡು ದಿನದ ನಂತರ ಪ್ರೊಫೆಸರರ ಕೋಣೆಯಲ್ಲಿ ವಿಚಾರಣೆ.

"ಯಾರ್ ಸೊನ್ನಾ?" ಯಾರು ಹೇಳಿದ್ದು?

"ನೀಂಗದಾನ್ ಸಾರ್," ಎಂದರು ಮಾಮ. ನೀವೇ.

ತಾನು ಹೊರಗಿದ್ದೆ ಎಂದರು ಪ್ರೊಫೆಸರರು. ಆಮೇಲೆ ನನ್ನತ್ತ ತಿರುಗಿ, ನಿನಗೇನಾದರೂ ಕೇಳಿಸಿತಾ ಎಂದರು.

"ಇಲ್ಲೈ ಸಾರ್."

ಇಲ್ಲದ ದನಿ ಕೇಳಿಸಿಕೊಳ್ಳುವ ಮುದುಕ ನನ್ನ ಲ್ಯಾಬಿನಲ್ಲಿ ಬೇಡ ಎಂದು ಅವರು ಸಹಿಗಿದ್ದ ಕಾಗದವನ್ನು ಡ್ರಾಯರಿಗೆ ಹಾಕಿದರು. ಕೆಟ್ಟ ಸ್ವಿಚ್ಚಿನ ಮಾತೇ ಬರಲಿಲ್ಲ. ಅದನ್ನು ಎತ್ತಬೇಕಾದವನು ನಾನು. ನಾನು ಕ್ಯಾಲೆಂಡರ್ ನೋಡುತ್ತಿದ್ದೆ.

ಕಾರಿಡಾರಿನಲ್ಲಿ ಮಾಮ ನನ್ನ ತೋಳು ಹಿಡಿದರು. ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು.

"ಕೂಗಿದ್ದು ನೀನೇ ಅಂತ ಈಗ ಗೊತ್ತಾಯ್ತು ಕಣೋ. ಒಳಗೆ ಹೋಗಿ ಒಂದು ಮಾತು ಹೇಳು. ನಂಗೆ ಬುದ್ಧಿ ಕೆಟ್ಟಿಲ್ಲ ಅಂತ ಅವ್ರಿಗೆ ಗೊತ್ತಾಗ್ಲಿ, ಸಾಕು."

ನಾನು ಮೆಲ್ಲಗೆ ಹೇಳಿದೆ: "ಥೀಸಿಸ್‌ಗೆ ಅವರ ಸೈನ್ ಆಗ್ಲಿ ಮಾಮ. ಆಮೇಲೆ ಹೇಳ್ತೀನಿ."

"ಏನಂದೆ?" ಎಡಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು.

ಮತ್ತೆ ಹೇಳಿದೆ.

"ಕೇಳಿಸ್ತಿಲ್ಲಪ್ಪ. ಜೋರಾಗಿ."

ಪಕ್ಕದ ಲ್ಯಾಬಿನ ಹುಡುಗಿಯರು ತಿರುಗಿ ನೋಡುವಷ್ಟು ಜೋರಾಗಿ, ಮೂರನೆಯ ಸಲ, ಅದೇ ವಾಕ್ಯವನ್ನು ಹೇಳಿದೆ.

"ಹ್ಞೂ. ಈಗ ಕೇಳಿಸ್ತು," ಎಂದು ಮಾಮ ತೋಳು ಬಿಟ್ಟರು.