ಸೆರಗಿನಿಂದ ಶುರುವಾದ ಸೀರೆ

ನನ್ನ ಕೈಗೆ ಹಲಗೆಯ ಮೇಲೆ ಬರೆಯುವ ಖಡು ಬಿಟ್ಟರೆ ಬೇರೆ ಯಾವ ಸಾಮಾನೂ ಒಗ್ಗಿದ್ದಿಲ್ಲ. ಗೋಡೆಗೆ ಮೊಳೆ ಹೊಡೆಯಲು ಹೋದರೆ ಮೊಳೆ ಸುಖವಾಗಿರುತ್ತದೆ, ಬೆರಳು ಬಾತುಕೊಳ್ಳುತ್ತದೆ. ಇಂಥವನು ಎಂಬತ್ತರ ದಶಕದಲ್ಲಿ, ಸಂಶಿಯಲ್ಲಿ ಮಾಸ್ತರನಾಗಿದ್ದಾಗ, ಬಟ್ಟೆಗೆ ಅಚ್ಚು ಒತ್ತಲು ಕಲಿಯಹೋದೆ ಎಂದರೆ ನೀವು ನಗುತ್ತೀರಿ. ನಗಿರಿ, ಬೇಜಾರಿಲ್ಲ.

ಹೋದದ್ದು ಹೆಂಡತಿ ನೀಲವ್ವನ ಸಲುವಾಗಿ. ನಮ್ಮ ಮೊದಲ ಕೂಸು ಹದಿನೆಂಟು ದಿನ ಇದ್ದು ಹೋಯಿತು. ಆಮೇಲೆ ಅವಳು ರೊಟ್ಟಿ ಬಡಿದಳು, ನೀರು ತಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಹೊಸ ಸೀರೆ ಮಾತ್ರ ಉಡಲಿಲ್ಲ, ಯಾರ ಮನೆಯ ಕಾರ್ಯಕ್ಕೂ ಹೋಗಲಿಲ್ಲ. ವರ್ಷ ತುಂಬಿತು. ಇಡೀ ವರ್ಗಕ್ಕೆ ಪಾಠ ಹೇಳುವ ನನಗೆ ಅವಳೊಬ್ಬಳಿಗೆ ಹೇಳಲು ಮಾತು ಸಿಗಲಿಲ್ಲ. ನನಗೂ ದುಃಖವಿತ್ತು, ಅದನ್ನೂ ಹೇಳಲಿಲ್ಲ. ನನ್ನ ಕೈಯಾರೆ ಮಾಡಿದ ಸೀರೆಯಾದರೆ ಉಟ್ಟಾಳು ಎಂದುಕೊಂಡೆ.

ಪಕ್ಕದ ಓಣಿಯ ಖಾದರ್ ಚಾಚಾ ಮುಂಬಯಿಯಲ್ಲಿ ಈ ಕಸಬು ಕಲಿತು ಬಂದವರು. ಅವರ ಪಡಸಾಲೆಯಲ್ಲಿ ಕಂಬಳಿ ಹಾಸಿದ ಉದ್ದನೆಯ ಮೇಜು, ಗೋಡೆಗುಂಟ ಕಟ್ಟಿಗೆಯ ಅಚ್ಚುಗಳು. ಎಲ್ಲವೂ ಹೂವು, ಬಳ್ಳಿ, ಮಾವಿನಕಾಯಿ. ಮಾವಿಗೆ ಸಿಕ್ಕ ಮಾನ ನಮ್ಮ ಸೀಮೆಯ ಬದನೆಕಾಯಿಗೆ ಏಕೆ ಸಿಗಲಿಲ್ಲವೋ, ಬಲ್ಲವರು ಹೇಳಬೇಕು.

ಒಂದು ತಿಂಗಳು ಹಳೆಯ ಧೋತರದ ಮೇಲೆ ಕೈ ಪಳಗಿಸಿದ ಮೇಲೆ ಚಾಚಾ ತಿಳಿಹಳದಿ ಸೀರೆ ಹಾಸಿದರು. “ಮಾಸ್ತರ್ರ, ಒಳಗ ಸಿಗಿಸೂ ತುದಿಯಿಂದ ಸುರು ಮಾಡ್ರಿ. ಹೊಸಾ ಕೈಯ ತಪ್ಪೆಲ್ಲಾ ಟೊಂಕದಾಗ ಮುಚ್ಚಿ ಹೋಗತಾವ. ಸೆರಗಿಗೆ ಬರೂದ್ರಾಗ ಕೈ ಕುದುರಿರತೈತಿ” ಎಂದು ಹೇಳಿ ನಮಾಜಿಗೆ ಹೋದರು.

ನಾನೋ, ಪುಸ್ತಕಕ್ಕೆ ಮೊದಲು ರಟ್ಟು ಎಂದು ನಂಬಿದವನು. ಸೆರಗಿನಿಂದಲೇ ಶುರು ಮಾಡಿದೆ. ಮೊದಲ ಹೂವು ನೆಟ್ಟಗೆ ನಿಂತಿತು. ಎರಡನೆಯದು ಅದರ ಹೆಗಲೇರಿತು. ನಾಲ್ಕನೆಯ ಸಾಲಿನ ಹೊತ್ತಿಗೆ ಹೂವುಗಳು ಊರು ಬಿಟ್ಟು ಹೊರಟಿದ್ದವು. ಚಾಚಾ ಬಂದು ಒಂದು ಹೂವನ್ನು ಬೆರಳಿನಿಂದ ತಿಕ್ಕಿ ನೋಡಿದರು. “ಬಣ್ಣಾ ಅಗದಿ ಪಕ್ಕಾ ಐತ್ರಿ. ಒಗದರೂ ಹೋಗೂದಿಲ್ಲ” ಎಂದರು, ಸಮಾಧಾನಕ್ಕೋ ಎಚ್ಚರಿಕೆಗೋ ತಿಳಿಯಲಿಲ್ಲ.

ಆ ಅರ್ಧ ಸೀರೆಯನ್ನು ಮನೆಗೆ ತಂದು ಟ್ರಂಕಿನ ಹಿಂದೆ ಬಚ್ಚಿಟ್ಟೆ. ಮರುದಿನವೇ ನೀಲವ್ವನಿಗೆ ಸಿಕ್ಕಿತು.

“ಅಲ್ರೀ, ಈ ಹೂವೆಲ್ಲಾ ಎತ್ತಾಗ ಹೊಂಟಾವು?”

“ನಿನಗಂತ ಮಾಡಾಕ ಹೋಗಿ ಕೆಡಿಸಿಬಿಟ್ಟೆ” ಎಂದೆ.

ಅವಳು ನಕ್ಕಳು. ನಗುನಗುತ್ತಲೇ ಅಳು ಬಂತು, ನನಗೂ ಬಂತು. ಆ ಕೂಸಿಗಾಗಿ ನಾವಿಬ್ಬರೂ ಕೂಡಿ ಅತ್ತದ್ದು ಅದೇ ಮೊದಲು.

ಮುಖ ತೊಳೆದುಕೊಂಡು ಬಂದು, “ಉಳಿದದ್ದು ನಾ ಒತ್ತತೇನಿ, ನಡೀರಿ” ಎಂದಳು. ಎರಡೇ ದಿನದ ಕಲಿಕೆ. ಅವಳ ಹೂವುಗಳು ದಾರ ಹಿಡಿದಂತೆ ನೇರ. ಚಾಚಾಗೆ ಖುಷಿಯೋ ಖುಷಿ. “ಈ ತುದೀನ ಸೆರಗು ಮಾಡಿ ಉಟ್ಕೋ ಯವ್ವಾ. ಮಾಸ್ತರ್ರದು ಒಳಗ ಮುಚ್ಚಿ ಹೋಗತೈತಿ.”

“ಬ್ಯಾಡ್ರಿ ಚಾಚಾ” ಎಂದಳು.

ಆ ವಾರ ಓಣಿಯಲ್ಲೊಂದು ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ತನ್ನ ಚಂದದ ಸಾಲುಗಳನ್ನು ಟೊಂಕದಲ್ಲಿ ಸಿಗಿಸಿ, ನನ್ನವನ್ನು ತಲೆಯ ತುಂಬ ಹೊದ್ದು ಹೋದಳು. ಹೆಂಗಸರು ಸೆರಗು ಹಿಡಿದು, ಇದು ಯಾರ ಕೈಕೆಲಸವೆಂದು ಕೇಳಿದರಂತೆ. “ನಮ್ಮ ಮನಿಯವರದು. ಅವರಿಗೆ ನೆಟ್ಟಗ ಮಾತಾಡಾಕೂ ಬರೂದಿಲ್ಲ, ನೆಟ್ಟಗ ಒತ್ತಾಕೂ ಬರೂದಿಲ್ಲ” ಅಂದಳಂತೆ.

ಅಷ್ಟು ದೊಡ್ಡ ಹೊಗಳಿಕೆ ನನಗೆ ಮತ್ತೆ ಸಿಕ್ಕಿಲ್ಲ.