ದೊಡ್ಡಪ್ಪನ ಕೆಮ್ಮು

ಅವ್ವನ ತೊಡೆಸಂದಿನಲ್ಲಿ ಇನ್ನೂ ಕೊಳವೆ ಇತ್ತು. ಅದರ ಮೂಲಕವೇ ಹೃದಯದವರೆಗೆ ತಂತಿ ತೂರಿಸಿ, ಕಟ್ಟಿಕೊಂಡ ರಕ್ತನಾಳಕ್ಕೆ ಸ್ಟೆಂಟ್ ಕೂರಿಸಿದ್ದರು. ರಕ್ತ ಹೆಪ್ಪುಗಟ್ಟದಂತೆ ಔಷಧಿಯನ್ನೂ ಕೊಟ್ಟಿದ್ದರು. ಕೊಳವೆ ತೆಗೆಯುವವರೆಗೆ ಕಾಲು ಮಡಚಬಾರದು, ತಲೆ ಎತ್ತಬಾರದು ಎಂದಿದ್ದರು ನರ್ಸ್. ಅವ್ವ ಚಾಚೂ ತಪ್ಪದೆ ಪಾಲಿಸಿದಳು. ನೀರನ್ನೂ ಮಲಗಿಕೊಂಡೇ ಸ್ಟ್ರಾದಲ್ಲಿ ಹೀರಿದಳು.

ಆಗ ಜಗಳೂರಿನಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ, ಅವ್ವನಿಗೆ ಭಾವ. ವಾರ್ಡಿನ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರು, ಅಷ್ಟೇ. ನಮ್ಮ ಹೊನ್ನಾಳಿಯ ಮನೆಗೆ ಬಂದಾಗಲೂ ಹಾಗೇ ಕೆಮ್ಮುತ್ತಾರೆ. ಅವ್ವ ರೊಟ್ಟಿ ತಟ್ಟುತ್ತಿದ್ದರೂ ಎದ್ದು, ಸೆರಗು ತಲೆಗೆಳೆದು ನಿಲ್ಲುತ್ತಾಳೆ. ಅಲ್ಲಿಯೂ ಎದ್ದಳು. ಮೊಣಕಾಲು ಮಡಚಿ, ಒಂದು ಕೈ ಊರಿ, ಆಸ್ಪತ್ರೆಯ ಅಂಗಿಯಲ್ಲಿ ಇಲ್ಲದ ಸೆರಗನ್ನು ಇನ್ನೊಂದು ಕೈಯಲ್ಲಿ ಹುಡುಕುತ್ತಾ.

ಕೊಳವೆ ಜಾರಿತು. ಹಾಸಿಗೆ ಕೆಂಪಾಗುವುದನ್ನು ನಾನು ನೋಡಿದೆ. ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಅದು ಹರಡುತ್ತಲೇ ಇರುತ್ತದೆ. ನರ್ಸ್ ಓಡಿ ಬಂದು ಮುಷ್ಟಿಯಿಂದ ಒತ್ತಿ ಹಿಡಿದರು. ಅವ್ವನ ತುಟಿ ಬಿಳುಚಿತು. ರಕ್ತ ನಿಂತಿತು. ಹೀಗೆ ಬರೆದಷ್ಟು ಬೇಗ ನಿಲ್ಲಲಿಲ್ಲ.

ದೊಡ್ಡಪ್ಪ ಗೋಡೆಗೊರಗಿ ಕುಸಿದು ಕೂತರು. "ನಾನು ಏಳು ಅಂದ್ನೇನವ್ವಾ?" ಎಂದು ನನ್ನನ್ನು ಕೇಳಿದರು.

ಅಂದಿರಲಿಲ್ಲ. ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಅನ್ನುವ ಅಗತ್ಯವೇ ಬೀಳದಂತೆ ಹೆಣ್ಣುಮಕ್ಕಳನ್ನು ಬೆಳೆಸಿರುತ್ತಾರೆ.

ಮುಂದಿನ ತಿಂಗಳು ಅವ್ವನಿಗೆ ಇನ್ನೊಂದು ಸ್ಟೆಂಟ್. ಕೈಯ ನಾಳ ತೀರಾ ಸಣ್ಣದು, ಮತ್ತೆ ತೊಡೆಯಿಂದಲೇ ಎಂದಿದ್ದಾರೆ. ಕೊಳವೆ ತೆಗೆಯುವ ತನಕ ಹಿರಿಯರು ಯಾರೂ ವಾರ್ಡಿಗೆ ಬರಕೂಡದೆಂದು ಚನ್ನಗಿರಿ, ನ್ಯಾಮತಿಯ ನೆಂಟರಿಗೆಲ್ಲ ನಾನೇ ಫೋನ್ ಮಾಡಿದೆ. ಕಾಲೇಜು ಕಲಿತವಳಿಗೆ ದೊಡ್ಡೋರು ಚಿಕ್ಕೋರು ಗೊತ್ತಾಗಲ್ಲ ಎಂದು ನ್ಯಾಮತಿಯ ಸೋದರತ್ತೆ ಚುಚ್ಚಿದರು. ಹಾಗೇ ಅಂದುಕೊಳ್ಳಿ, ಆದರೆ ಬರಬೇಡಿ ಎಂದೆ.

ಮೊನ್ನೆ ಮನೆಯ ಹೊಸ್ತಿಲಲ್ಲಿ ದೊಡ್ಡಪ್ಪನ ಕೆಮ್ಮು ಕೇಳಿತು. ಅವ್ವ ಕುರ್ಚಿ ಹಿಡಿದು ಏಳಹೊರಟಳು. ನಾನು ಅವಳ ಭುಜ ಒತ್ತಿದೆ.

"ಬಿಡೇ, ಈಗೇನು ಕೊಳವೆ ಐತಾ?"

"ಮುಂದಿನ ತಿಂಗಳು ಇರ್ತೈತೆ. ಕೂರಾಕೆ ಈಗ್ಲೇ ಕಲಿ."

ದೊಡ್ಡಪ್ಪ ಒಳಗೆ ಬಂದು ನಮ್ಮಿಬ್ಬರನ್ನೂ ನೋಡುತ್ತಾ ನಿಂತರು. ನನ್ನ ಅಂಗೈ ಕೆಳಗೆ ಅವ್ವನ ಭುಜ ಇನ್ನೂ ಮೇಲಕ್ಕೆ ಒತ್ತುತ್ತಿತ್ತು. ನಾನು ಕೈ ತೆಗೆಯಲಿಲ್ಲ.