ಗುತ್ತಲದ ಹುಡುಗಿಯ ಸೀಟು

‘ಆಗದ ಮಾತು’ ಎಂದವರು ಬ್ಯಾಡಗಿಯ ಮೆಣಸಿನಕಾಯಿ ದಲಾಲರು. ಅವರ ಅಂಗಡಿಯಲ್ಲೇ ನಮ್ಮವ್ವ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ‘ತುಂಬು ಬಿಡಸೋರ ಮಗಳು ಆ ಸಾಲಿಗೆ ಹೊಕ್ಕಾಳೇನ? ಮೀಸಲಾತಿ ಇಟ್ಟರೂ ಆಗೂದಿಲ್ಲ ಬಿಡು’ ಎಂದು ಅವರು ನಕ್ಕದ್ದು ಸ್ವಂತ ತಂಗಿಯ ಮುಂದೆ. ತಂಗಿ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಳಕೈ ಕಡೆಗೆ ಏರಿಸಿ ಬಿಗಿ ಮಾಡಿಕೊಂಡರು. ಬಳೆ ಸದ್ದು ನಿಂತಿತೆಂದರೆ ಸಿಟ್ಟು ಬಂದಿದೆ ಎಂದು ನಮ್ಮ ಇಡೀ ತರಗತಿಗೆ ಗೊತ್ತಿತ್ತು. ಅವರೇ ನನಗೆ ಐದನೇ ಇಯತ್ತೆ ಕಲಿಸಿದ ಅಕ್ಕೋರು.

ಆ ಸಾಲಿ ಎಂದರೆ ಪರೀಕ್ಷೆ ಬರೆಸಿ ಆರಿಸಿಕೊಳ್ಳುವ ಸರಕಾರಿ ವಸತಿ ಶಾಲೆ. ಊಟ, ಪುಸ್ತಕ, ಹಾಸಿಗೆ ಎಲ್ಲ ಅಲ್ಲೇ. ಕೆಲವು ಸೀಟು ನಮ್ಮಂಥ ಪರಿಶಿಷ್ಟರ ಮಕ್ಕಳಿಗೆ ಮೀಸಲು. ಮದುವೆಯಾಗದ ಅಕ್ಕೋರು ಅಣ್ಣನ ಮನೆಯಲ್ಲೇ ಇದ್ದರು. ಅದೇ ಮನೆಯ ಪಡಸಾಲೆಯಲ್ಲಿ, ಒಂದೇ ಚಾಪೆಯ ಮೇಲೆ, ಅಣ್ಣನ ಮಗನನ್ನೂ ನನ್ನನ್ನೂ ಕೂರಿಸಿ ಆ ಪರೀಕ್ಷೆಗೆ ಗಣಿತ ಹೇಳಿಕೊಟ್ಟರು. ಮೊದಲು ರೊಟ್ಟಿ, ಶೇಂಗಾ ಚಟ್ನಿ. ‘ತಿನ್ನs ಹುಡುಗಿ, ಹಸದ ಹೊಟ್ಟಿಗೆ ಭಾಗಾಕಾರ ಹತ್ತೂದಿಲ್ಲ.’

ನಾನು ಪಾಸಾದೆ. ಪ್ರವೇಶಕ್ಕೆಂದು ಅಕ್ಕೋರ ಜೊತೆ ಹಾವೇರಿಯ ಕಚೇರಿಗೆ ಹೋದಾಗ ಗುಮಾಸ್ತರು ನನ್ನನ್ನು ಮೀಸಲು ಸೀಟಿಗೆ ಹಾಕಿದ್ದರು. ನನಗಂತೂ ಸಾಕಾಗಿತ್ತು. ಅಕ್ಕೋರು ಕದಲಲಿಲ್ಲ.

‘ಈಕಿ ಅಂಕಕ್ಕ ಜನರಲ್ ಪಟ್ಟಿಯಾಗs ಸೀಟ ಬರತೈತಿ. ಅಲ್ಲೇ ಹಾಕ್ರಿ. ಮೀಸಲಾತಿ ಪಟ್ಟಿಯಾಗ ಈಕಿ ಹಿಂದಿನ ನಂಬರಿಗೆ ಗುತ್ತಲದ ಹುಡುಗಿ ಒಬ್ಬಾಕಿ ಅದಾಳ. ಅದು ಆಕಿ ಸೀಟು.’

‘ಹೆಂಗೂ ಸೀಟ ಸಿಕ್ಕೈತಲ್ಲರಿ ಅಕ್ಕೋರ. ಈಕೀನ್ನ ಅಲ್ಲಿ ಹಾಕಿದರ ಆ ಪಟ್ಟಿಯ ಕಡೇದಾಂವ ಹೊರಗ ಬೀಳ್ತಾನ. ಯಾರು ಗೊತ್ತದ ಏನು? ನಿಮ್ಮ ಅಣ್ಣನ ಮಗ!’

ಬಳೆಗಳು ಮೇಲೇರಿದವು.

‘ಗೊತ್ತದ. ಬಿದ್ದರ ಬೀಳಲಿ. ಅವಂಗ ಓದಾಕ ಮನ್ಯಾಗ ಲೈಟ್ ಐತಿ, ನಾ ಅದೇನಿ. ಗುತ್ತಲದ ಹುಡುಗಿಗೆ ಯಾರದಾರ?’

ಆ ಹುಡುಗಿಯ ಮುಖ ಅವರು ಕಂಡಿರಲಿಲ್ಲ. ಗುಮಾಸ್ತರ ಮೇಲಿನ ಸಾಹೇಬರು ನಿಯಮ ತೆಗೆಸಿ ಓದಿ, ಒಪ್ಪಿದರು. ಹೊರಗೆ ಬಂದು ಅಕ್ಕೋರು ನನಗೆ ಚುರುಮುರಿ ಕೊಡಿಸಿದರು.  

ಅಣ್ಣ ಮಾತು ಬಿಟ್ಟರು. ಅಕ್ಕೋರು ರಾಣೆಬೆನ್ನೂರಿಗೆ ವರ್ಗ ಮಾಡಿಸಿಕೊಂಡು ಬಾಡಿಗೆಗೆ ಒಂದು ಖೋಲಿ ಹಿಡಿದರು. ಸೀಟು ತಪ್ಪಿದ ಅಣ್ಣನ ಮಗ ಮಾತ್ರ ಪ್ರತಿ ರವಿವಾರ ಬಸ್ಸು ಹತ್ತಿ ಅಲ್ಲಿಗೆ ಗಣಿತಕ್ಕೆ ಬರುತ್ತಿದ್ದ. ವಸತಿ ಶಾಲೆಯಲ್ಲಿ ನನ್ನ ಪಕ್ಕದ ಹಾಸಿಗೆ ಗುತ್ತಲದ ಹುಡುಗಿಯದು. ರಜೆ ಮುಗಿಸಿ ಹೊರಡುವಾಗ ನಮ್ಮವ್ವ ನನಗೆ ಕಟ್ಟುತ್ತಿದ್ದ ರೊಟ್ಟಿಯ ಗಂಟಿನಲ್ಲಿ ಅವಳ ಪಾಲೂ ಇರುತ್ತಿತ್ತು.

ಈಗ ಅಕ್ಕೋರಿಲ್ಲ, ಆದರೆ ನನ್ನ ಡಿಗ್ರಿ ನೋಡಿಯೇ ಹೋದರು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಸರ್ಟಿಫಿಕೇಟು ಬಂದ ದಿನ ಅವ್ವನನ್ನು ಕರೆದುಕೊಂಡು ಮೊದಲು ಹೋದದ್ದು ಅವರ ಆ ಖೋಲಿಗೆ. ಅಕ್ಕೋರು ಅದನ್ನು ಮೇಲಿಂದ ಕೆಳಗೆ ಓದಿ ಅವ್ವನ ಕಡೆ ಚಾಚಿದರು. ಅವ್ವ ಎರಡೂ ಕೈ ಸೆರಗಿನಲ್ಲಿ ಅಡಗಿಸಿದಳು.

‘ನೀವs ಇಟಗೋರಿ ಅಕ್ಕೋರ. ನನ್ನ ಕೈಯಾಗಿನ ಖಾರ ತೊಳದರೂ ಹೋಗೂದಿಲ್ಲ.’

ಅಕ್ಕೋರು ಬಳೆ ಏರಿಸಿಕೊಂಡರು. ಅವ್ವನ ಕೈ ಹಿಡಿದೆಳೆದು ಸರ್ಟಿಫಿಕೇಟನ್ನು ಅದರಲ್ಲಿಟ್ಟರು.

ಓದಲು ಬಾರದ ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದಳು: ‘ಗುತ್ತಲದಾಕೀದೂ ಬಂತೇನವಾ?’